ಓದುಗರ ಸ್ಪಂದನ: ‘ಬಾರೋ ಅನ್ಬೇಡಮ್ಮ’

ಎರಡು ವಾರದ ಹಿಂದೆ ಇದೇ ಪುಟದಲ್ಲಿ ಒಬ್ಬ ತಾಯಿಯ ಪತ್ರ ಪ್ರಕಟವಾಗಿತ್ತು. ಓದದೇ ಇದ್ದವರಿಗಾಗಿ ಅದರ ಮುಖ್ಯ ಭಾಗ ಇಲ್ಲಿದೆ:

“ನನ್ನ ಎರಡನೇ ಮಗನಿಗೆ ಈಗ ಇಪ್ಪತ್ತು. ರಜೆಗೆ ಹಾಸ್ಟೆಲಿನಿಂದ ಬಂದಾಗ ಎರಡೂ ಕೈ ಉಗುರಿಗೆ ಕಡುನೀಲಿ ಬಣ್ಣ ಇತ್ತು. ಕೂದಲು ಭುಜಕ್ಕೆ ಇಳಿದಿತ್ತು. ನಾನು ಏನೂ ಕೇಳಲಿಲ್ಲ. ಮೂರನೇ ದಿನ ರಾತ್ರಿ ಅವರಪ್ಪ ಮಲಗಿದ ಮೇಲೆ ಅಡುಗೆಮನೆಗೆ ಬಂದ. ಪಾತ್ರೆ ಒರೆಸುತ್ತಾ ಹೇಳಿದ: ‘ಅಮ್ಮಾ, ನಾನು ಹುಡುಗ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹುಡುಗಿ ಅಂತಾನೂ ಪೂರ್ತಿ ಅನ್ನಿಸಲ್ಲ. ನನಗೇ ಇನ್ನೂ ಗೊತ್ತಾಗ್ತಾ ಇದೆ. ನೀನು ಈಗಲೇ ಏನೂ ಮಾಡ್ಬೇಕಾಗಿಲ್ಲ. ಬಾರೋ, ಹೋಗೋ, ಕಣೋ ಅನ್ನೋದೊಂದು ಬಿಟ್ಟರೆ ಸಾಕು.’ ನಾನು ಹೂಂ ಅಂದೆ. ಮರುದಿನ ಬೆಳಗ್ಗೆ ಬಾಯಿಂದ ಮೊದಲು ಬಂದಿದ್ದೇ ‘ಏಳೋ, ಗಂಟೆ ಎಂಟಾಯ್ತು’ ಅಂತ. ಇಪ್ಪತ್ತು ವರ್ಷದಿಂದ ಅದೇ ಹೇಳಿದ ನಾಲಿಗೆ. ಹೇಗೆ ತಿರುಗಿಸಲಿ? ಇದು ವಯಸ್ಸಿನ ಹುಚ್ಚೋ, ಕಾಯಿಲೆಯೋ, ನನ್ನ ಸಾಕಣೆಯ ತಪ್ಪೋ? ಅವರಪ್ಪನಿಗೆ ಹೇಳಲೋ ಬೇಡವೋ? ನನಗೆ ನಿದ್ದೆ ಬರುತ್ತಿಲ್ಲ.”

ರಾಶಿ ಪತ್ರ ಬಂದವು. ಜಾಗ ಇದ್ದಷ್ಟನ್ನು ಕೊಟ್ಟಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ. ಮೊದಲು ಎಲ್ಲಕ್ಕಿಂತ ಚಿಕ್ಕ ಪತ್ರ. – ಸಂ.

* * *

ಅಮ್ಮಾ, ಇಷ್ಟೊಂದು ಪ್ರಶ್ನೆ ಕೇಳಿದ್ದೀರಿ. ಎಲ್ಲವನ್ನೂ ನಮ್ಮನ್ನು ಕೇಳಿದ್ದೀರಿ. ಒಂದನ್ನೂ ಮಗುವನ್ನು ಕೇಳಿಲ್ಲ. ಪತ್ರಿಕೆ ಮಡಚಿಡಿ. ಪಕ್ಕದ ಕೋಣೆಗೆ ಹೋಗಿ.

– ನಿವೃತ್ತ ನರ್ಸ್

* * *

ಮಾತು ಖಾರವಾಗಿದೆ. ಆದರೆ ಪಕ್ಕದ ಕೋಣೆಗೆ ಹೋಗೋಕೆ ಕೆಲವರಿಗೆ ಎಷ್ಟು ವರ್ಷ ಬೇಕಾಯಿತು ಅನ್ನೋದು ಮುಂದಿನ ಪತ್ರದಲ್ಲಿದೆ. ಇದನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ. – ಸಂ.

* * *

ತಂಗೀ, ನನಗೆ ಅರವತ್ತೇಳು. ನಿಮ್ಮನ್ನು ಹಾಗೆ ಕರೆಯಬಹುದು ಅಂದುಕೊಂಡಿದ್ದೇನೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಮಗು ಬೇಡ ಅಂದಿರುವ ಅದೇ ‘ಬಾರೋ’ಗಾಗಿ ನನ್ನ ಮಗ ಹನ್ನೊಂದು ವರ್ಷ ಕಾದಿದ್ದಾನೆ.

ಹುಟ್ಟಿದಾಗ ಹೆಣ್ಣು ಅಂದರು. ಹಾಗೇ ಬೆಳೆಸಿದೆವು. ಏಳು ವರ್ಷದಲ್ಲಿ ಫ್ರಾಕ್ ಹಾಕಿಸೋಕೆ ಹೋದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಹಟ ಅಂದುಕೊಂಡೆವು. ಹದಿನಾಲ್ಕು ಹದಿನೈದರ ಹೊತ್ತಿಗೆ ಬೆನ್ನು ಬಗ್ಗಿಸಿ ನಡೆಯೋಕೆ ಶುರುಮಾಡಿದ. ‘ಬೆನ್ನು ನೆಟ್ಟಗೆ ಮಾಡು’ ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಎದೆ ಕಾಣಬಾರದು ಅಂತ ಬಗ್ಗಿ ನಡೆಯುತ್ತಿದ್ದ ಅನ್ನೋದು ನನಗೆ ಗೊತ್ತಾಗುವಷ್ಟರಲ್ಲಿ ಅವನಿಗೆ ಮೂವತ್ತು ದಾಟಿತ್ತು.

ಇಪ್ಪತ್ತಮೂರಕ್ಕೆ ಬಂದು ಹೇಳಿದ. ‘ಅಪ್ಪಾ, ನಾನು ಗಂಡಸು. ಇದು ಇವತ್ತಿನ ಮಾತಲ್ಲ.’ ನಾನು ಕೂಗಾಡಲಿಲ್ಲ. ಕೈ ಎತ್ತಲಿಲ್ಲ. ಅದಕ್ಕೇ ನಾನು ಒಳ್ಳೆಯ ಅಪ್ಪ ಅಂದುಕೊಂಡಿದ್ದೆ. ಒಂದೇ ಒಂದು ಷರತ್ತು ಹಾಕಿದೆ. ಮನೆಯೊಳಗೆ ಹೇಗಾದರೂ ಇರು, ಹೊರಗಿನವರ ಮುಂದೆ ನೀನು ನನ್ನ ಮಗಳು. ಅವನು ತಲೆಯಾಡಿಸಿದ. ಒಪ್ಪಿದ ಅಂತ ನಾನು ತಿಳಿದುಕೊಂಡೆ. ಮನೆಯೊಳಗೂ ನಾನು ‘ಬಾ’ ಅನ್ನುತ್ತಿದ್ದೆನೇ ಹೊರತು ‘ಬಾರೋ’ ಅಂದವನಲ್ಲ. ಹೊಸ ಹೆಸರಿಟ್ಟುಕೊಂಡಿದ್ದ. ಅದನ್ನೂ ಕರೆಯಲಿಲ್ಲ. ‘ಏಯ್’ ಅಂತ ಕರೆದು ನಾಲ್ಕು ವರ್ಷ ನಿಭಾಯಿಸಿದೆ. ಅವರಮ್ಮ ಆಗಲೇ ತೀರಿಕೊಂಡಿದ್ದಳು. ನನಗೆ ಹೇಳುವವರು ಯಾರೂ ಇರಲಿಲ್ಲ.

ಅವನು ಹಾರ್ಮೋನ್ ಚಿಕಿತ್ಸೆ ತಗೊಂಡ. ಧ್ವನಿ ಒಡೆಯಿತು. ಗಡ್ಡ ಬಂತು. ನೆಂಟರ ಮನೆಗೆ ಬರೋದನ್ನು ತಾನಾಗಿಯೇ ನಿಲ್ಲಿಸಿದ. ನನಗೆ ಅದು ಅನುಕೂಲವೇ ಆಯಿತು.

ಒಂದು ರಾತ್ರಿ ನನಗೆ ಎದೆನೋವು ಬಂತು. ಎರಡು ಗಂಟೆಗೆ ಅವನೇ ಆಸ್ಪತ್ರೆಗೆ ಸೇರಿಸಿದ. ಐದು ದಿನ ಕುರ್ಚಿಯಲ್ಲೇ ಮಲಗಿದ. ಡಿಸ್ಚಾರ್ಜ್ ದಿನ ಕಾಗದಕ್ಕೆ ಸಹಿ ಮಾಡಿಸಿಕೊಳ್ಳಲು ಬಂದ ಹುಡುಗಿ ‘ಇವರು ನಿಮಗೆ ಏನಾಗಬೇಕು?’ ಅಂತ ಕೇಳಿದಳು. ನನ್ನನ್ನು ನೋಡೋಕೆ ಬಂದಿದ್ದ ಹಳೇ ಸಹೋದ್ಯೋಗಿ ಬಾಗಿಲ ಹತ್ತಿರ ನಿಂತಿದ್ದ. ಎದುರಿಗೆ ನನ್ನ ಮಗ. ಐದು ದಿನ ಕತ್ತರಿ ಕಾಣದ ಗಡ್ಡ. ಕೈಯಲ್ಲಿ ನನ್ನ ಚಪ್ಪಲಿ.

‘ಮಗಳು’ ಅಂದೆ.

ಆ ಹುಡುಗಿ ಅವನ ಮುಖ ನೋಡಿದಳು, ಕಾಗದ ನೋಡಿದಳು, ಮತ್ತೆ ಮುಖ ನೋಡಿದಳು. ಅವನು ಏನೂ ಹೇಳಲಿಲ್ಲ. ಬಗ್ಗಿ ನನ್ನ ಕಾಲಿಗೆ ಚಪ್ಪಲಿ ತೊಡಿಸಿದ. ಎಡಗಾಲಿನದು ಸರಿಯಾಗಿ ಕೂತಿರಲಿಲ್ಲ, ಅದನ್ನು ಇನ್ನೊಂದು ಸಲ ಸರಿಮಾಡಿದ. ಸಹಿ ಹಾಕಿದ. ಮನೆಗೆ ತಂದು ಬಿಟ್ಟ. ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಡಬ್ಬಿಯಲ್ಲಿ ತುಂಬಿಸಿಟ್ಟ. ಹೋದ. ಏಳು ವರ್ಷ ಬರಲಿಲ್ಲ.

ಜಗಳ ಆಡಿದ್ದರೆ ಎಷ್ಟೋ ಸುಲಭ ಇತ್ತು. ಪ್ರತಿ ತಿಂಗಳೂ ನನ್ನ ಮಾತ್ರೆ ಮಾತ್ರ ತಪ್ಪದೇ ಬರುತ್ತಿತ್ತು. ಪೊಟ್ಟಣದ ಮೇಲೆ ಕಳಿಸಿದವರ ಹೆಸರು ಇರುತ್ತಿತ್ತು. ಅವನು ಇಟ್ಟುಕೊಂಡ ಹೆಸರು. ಎರಡನೇ ವರ್ಷ ಒಂದು ದಿನ ಬಾಗಿಲು ಹಾಕಿಕೊಂಡು ಅದನ್ನು ಜೋರಾಗಿ ಓದಿದೆ. ಮನೆಯಲ್ಲಿ ನಾನೊಬ್ಬನೇ. ಆದರೂ ನಾಚಿಕೆಯಾಯಿತು. ಮರುದಿನ ಮತ್ತೆ ಓದಿದೆ. ಆಮೇಲೆ ದಿನಾ. ಸ್ನಾನಕ್ಕೆ ಹೋಗುವಾಗ, ದೀಪ ಆರಿಸುವಾಗ. ನಾಲಿಗೆ ಹೇಗೆ ತಿರುಗಿಸಲಿ ಅಂತ ಕೇಳಿದ್ದೀರಲ್ಲ ತಂಗೀ, ಹೀಗೆ ತಿರುಗುತ್ತದೆ. ಒಬ್ಬರೇ ಇದ್ದಾಗ ಜೋರಾಗಿ ಹೇಳಬೇಕು. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು.

ಹೋದ ವರ್ಷ ಒಂದು ಸಮಾರಂಭದಲ್ಲಿ ಅದೇ ಸಹೋದ್ಯೋಗಿ ಸಿಕ್ಕಿದ. ‘ಮಗಳು ಹೇಗಿದ್ದಾಳೆ?’ ಅಂದ. ‘ನನಗೆ ಮಗಳಿಲ್ಲ. ಮಗ ಇದ್ದಾನೆ. ಆಸ್ಪತ್ರೆಯಲ್ಲಿ ನೋಡಿದ್ದೆಯಲ್ಲ, ಅವನೇ’ ಅಂದೆ. ಕೈ ನಡುಗುತ್ತಿತ್ತು. ಆತ ಸ್ವಲ್ಪ ಹೊತ್ತು ನೋಡಿ ‘ಹೌದಾ? ಚೆನ್ನಾಗಿದ್ದಾನಾ?’ ಅಂದ. ಅಷ್ಟೇ. ನಾನು ಅಷ್ಟು ವರ್ಷ ಹೆದರಿದ್ದು ಈ ಎರಡು ಮಾತಿಗೆ.

ಆ ರಾತ್ರಿ ಫೋನ್ ಮಾಡಿದೆ. ಹೆಸರು ಹಿಡಿದು ಕರೆದೆ. ‘ಮನೆಗೆ ಬಾರೋ’ ಅಂದೆ. ಆ ಕಡೆ ತುಂಬಾ ಹೊತ್ತು ಸದ್ದೇ ಇಲ್ಲ. ‘ನೋಡ್ತೀನಪ್ಪ’ ಅಂದ. ಒಂದು ಸಲ ಬಂದ. ಅರ್ಧ ದಿನ ಇದ್ದ. ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬೆನ್ನು ಈಗ ನೆಟ್ಟಗಿದೆ. ಆದರೆ ಬೀದಿಯಲ್ಲಿ ನನ್ನ ಜೊತೆ ಬರುವಾಗ ಎರಡು ಹೆಜ್ಜೆ ಹಿಂದೆ ನಡೆಯುತ್ತಾನೆ, ಯಾರಾದರೂ ಎದುರು ಬಂದರೆ ನಾನು ಮುಜುಗರ ಪಡದ ಹಾಗೆ. ನಿಂತು ಕಾದರೆ ಅವನೂ ನಿಲ್ಲುತ್ತಾನೆ.

ನಿಮ್ಮ ಮಗು ಅಡುಗೆಮನೆಗೆ ಬಂದು, ಪಾತ್ರೆ ಒರೆಸುತ್ತಾ ಹೇಳಿದೆ. ನೀವು ಹೂಂ ಅಂದಿದ್ದೀರಿ. ನನಗಿಂತ ಎಷ್ಟೋ ಮುಂದಿದ್ದೀರಿ.

– ಒಬ್ಬ ತಂದೆ

* * *

ಬೇರೆ ದನಿಯ ಪತ್ರಗಳೂ ಬಂದಿವೆ. ಅವುಗಳಲ್ಲಿ ಒಂದನ್ನು ಕೊಟ್ಟಿದ್ದೇವೆ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಬರೆದ ಪತ್ರಗಳನ್ನು ಮಾತ್ರ ಬಿಟ್ಟಿದ್ದೇವೆ. ಅದರಲ್ಲಿ ಇನ್ನೊಬ್ಬರ ಮಗಳ ಬದುಕೂ ಸೇರಿಕೊಳ್ಳುತ್ತದೆ. – ಸಂ.

* * *

ಇದೆಲ್ಲ ಮೊಬೈಲು, ಹಾಸ್ಟೆಲು ಹಚ್ಚಿದ ಗೀಳು. ನಮ್ಮ ಕಾಲದಲ್ಲಿ ಇಂಥದ್ದು ಇರಲೇ ಇಲ್ಲ. ಹುಡುಗನಿಗೆ ಬೇಕಾಗಿರೋದು ವ್ಯಾಯಾಮ, ಕೈತುಂಬಾ ಕೆಲಸ. ಕೂದಲು ಕತ್ತರಿಸಿ, ಉಗುರು ಒರೆಸಿ, ಒಂದು ವರ್ಷ ಹೋಗಲಿ. ಕಠಿಣವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ಮಕ್ಕಳು ಹೇಳಿದ್ದಕ್ಕೆಲ್ಲ ಹೂಂ ಅನ್ನೋದು ಪ್ರೀತಿಯಲ್ಲ. ನಾಳೆ ಊರವರ ಬಾಯಿಗೆ ಬೀಳೋದು ಆ ಮಗುವೇ.

– ಹಿರಿಯ ಓದುಗ

* * *

ಮಗುವಿನ ಬಗ್ಗೆ ಈ ಹಿರಿಯರಿಗಿರುವ ಕಾಳಜಿ ನಿಜವಾದದ್ದು. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಅನ್ನುವ ಮಾತಿಗೆ ಒಬ್ಬ ಟೇಲರ್ ಬರೆದ ಪತ್ರದಲ್ಲಿ ಉತ್ತರವಿದೆ. ಅವರು ಬರೆದಿದ್ದು ಉಗುರುಬಣ್ಣದ ಬಗ್ಗೆ. – ಸಂ.

* * *

ನಾನು ಬಟ್ಟೆ ಹೊಲಿಯುವವನು. ಮೂವತ್ತೆಂಟು ವರ್ಷದ ಕಸುಬು. ನಿಮ್ಮ ಮಗುವಿನ ಮನಸ್ಸಿನ ಬಗ್ಗೆ ಹೇಳುವಷ್ಟು ನನಗೆ ತಿಳಿಯದು. ಬಣ್ಣ, ಬಟ್ಟೆ ಬಗ್ಗೆ ಹೇಳಬಲ್ಲೆ.

ಗಂಡಸರ ಶರ್ಟಿಗೆ ಗುಂಡಿ ಬಲಕ್ಕೆ, ಕಾಜಾ ಎಡಕ್ಕೆ. ಹೆಂಗಸರ ಶರ್ಟಿಗೆ ಉಲ್ಟಾ. ಕೆಲಸ ಕಲಿಯುವಾಗ ಯಾಕೆ ಅಂತ ಗುರುಗಳನ್ನು ಕೇಳಿದೆ. ‘ಹಾಗೇ’ ಅಂದರು. ಆಮೇಲೆ ಎಷ್ಟೋ ಓದಿದೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ‘ಹಾಗೇ’ ಅಂದ ಗುರುಗಳೇ ಸರಿ ಅನ್ನಿಸುತ್ತದೆ.

ಗುಲಾಬಿ ಹುಡುಗಿಗೆ, ನೀಲಿ ಹುಡುಗನಿಗೆ ಅನ್ನುತ್ತಾರಲ್ಲ, 1918ರಲ್ಲಿ ಅಮೆರಿಕದ ಒಂದು ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆ ಸರಿಯಾಗಿ ತಿರುಗಾಮುರುಗಾ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ಹುಡುಗರಿಗೆ. ನೀಲಿ ನಾಜೂಕು, ಹುಡುಗಿಯರಿಗೆ. ಆ ದೇಶದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಫೋಟೊ ಒಂದಿದೆ. ಎರಡೂವರೆ ವರ್ಷದ ಗಂಡುಮಗು. ಬಿಳಿ ಲಂಗ, ಭುಜದವರೆಗೆ ಕೂದಲು. ಆಗ ಅಲ್ಲಿ ಗಂಡುಮಕ್ಕಳಿಗೂ ಅದೇ ಉಡುಪು. ಎತ್ತರದ ಹಿಮ್ಮಡಿಯ ಶೂ ಪರ್ಷಿಯಾದ ಕುದುರೆ ಸವಾರರದ್ದು, ರಿಕಾಪಿನಲ್ಲಿ ಕಾಲು ಜಾರದಿರಲಿ ಅಂತ. ಅದನ್ನು ಹಾಕಿಕೊಂಡು ಮೆರೆದವನು ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ. ಅದೇ ಫ್ರಾನ್ಸಿನ ಪ್ಯಾರಿಸ್‌ನಲ್ಲಿ ಹೆಂಗಸರು ಪ್ಯಾಂಟ್ ಹಾಕಬೇಕಾದರೆ ಪೊಲೀಸರ ಅನುಮತಿ ಬೇಕು ಅಂತ 1800ರಲ್ಲಿ ಆದೇಶ ಆಯಿತು. ಎಲ್ಲರೂ ಹಾಕೋಕೆ ಶುರುಮಾಡಿ ಎಷ್ಟೋ ಕಾಲವಾದರೂ ಆದೇಶ ಕಾಗದದ ಮೇಲೆ ಉಳಿದಿತ್ತು. ಅದು ಊರ್ಜಿತವಲ್ಲ ಅಂತ ಅಲ್ಲಿನ ಸರ್ಕಾರ ಹೇಳಿದ್ದು 2013ರಲ್ಲಿ.

ಕೆಲವು ವರ್ಷದ ಹಿಂದೆ ಒಬ್ಬಳು ಹುಡುಗಿ ಬಂದು ‘ಗುಂಡಿ ಗಂಡಸರ ಕಡೆ ಬರಲಿ’ ಅಂದಳು. ಹೊಲಿದುಕೊಟ್ಟೆ. ಕನ್ನಡಿ ಮುಂದೆ ನಿಂತು ಎಲ್ಲ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಮೊದಲಿಂದ ಹಾಕಿದಳು. ಆ ಮುಖ ನೋಡಿ ನಾನು ಯಾಕೆ ಅಂತ ಕೇಳಲಿಲ್ಲ. ಅದಾದ ಮೇಲೆ ಅಳತೆ ತಗೊಳ್ಳುವಾಗ ಎಲ್ಲರನ್ನೂ ಕೇಳುತ್ತೇನೆ, ಗುಂಡಿ ಯಾವ ಕಡೆ ಬೇಕು ಅಂತ. ನೀಲಿ ಬಣ್ಣ ಅಂದಿರಿ. ಚೆನ್ನಾಗಿ ಒಪ್ಪುತ್ತದೆ ಬಿಡಿ.

– ಟೇಲರ್

* * *

ಬಟ್ಟೆ, ಬಣ್ಣದ ಮಾತು ಒಂದು. ‘ನಾನು ಯಾರು’ ಅನ್ನೋ ಮಾತು ಇನ್ನೊಂದು. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಅಂತ ಈ ಓದುಗರಿಗೆ ಚೆನ್ನಾಗಿ ಗೊತ್ತು. – ಸಂ.

* * *

ನಾನು ಎಲೆಕ್ಟ್ರಿಷಿಯನ್. ಹೆಂಗಸು. ಬಾಗಿಲು ತೆಗೆದವರು ನನ್ನ ಭುಜದ ಮೇಲಿಂದ ಹಿಂದೆ ನೋಡುತ್ತಾರೆ, ಎಲೆಕ್ಟ್ರಿಷಿಯನ್ ಎಲ್ಲಿ ಅಂತ. ಟೂಲ್ ಬ್ಯಾಗ್ ನನ್ನ ಹೆಗಲಲ್ಲೇ ಇರುತ್ತದೆ.

ಚಿಕ್ಕವಳಿದ್ದಾಗ ಗಂಡುಬೀರಿ ಅನ್ನುತ್ತಿದ್ದರು. ಮರ ಹತ್ತಿದರೆ ಬೈಗುಳ, ಜೋರಾಗಿ ನಕ್ಕರೆ ಬೈಗುಳ. ಈಗಿನವರು ಬೈಯೋದಿಲ್ಲ. ಹೋದ ತಿಂಗಳು ಒಬ್ಬರು ತುಂಬಾ ಪ್ರೀತಿಯಿಂದ ‘ನೀವು ಒಳಗೊಳಗೇ ಗಂಡಸು ಇರಬಹುದು, ಹೇಳಿಕೊಳ್ಳೋಕೆ ಹೆದರಬೇಡಿ’ ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಗಂಡುಬೀರಿ ಅಂದಾಗ ಆದಷ್ಟೇ ನೋವಾಯಿತು. ನಾನು ಹೆಣ್ಣು. ನನಗೆ ಅದರಲ್ಲಿ ಯಾವತ್ತೂ ಅನುಮಾನ ಬಂದಿಲ್ಲ. ಕೂದಲು ಗಿಡ್ಡ ಇರೋದು ಏಣಿ ಮೇಲೆ ನಿಂತಾಗ ಕಣ್ಣಿಗೆ ಬೀಳದಿರಲಿ ಅಂತ. ವೈರು ಹಿಡಿದರೆ ಖುಷಿ, ಅದಕ್ಕೆ ಈ ಕೆಲಸ.

ಇದನ್ನು ಯಾಕೆ ಬರೆದೆ ಅಂದರೆ, ನನಗೆ ಹೆಣ್ಣು ಅನ್ನೋ ಹೆಸರು ಹಿತವಾಗಿತ್ತು, ಹೆಣ್ಣು ಅ‍ಂದರೆ ಹೀಗಿರಬೇಕು ಅನ್ನೋ ಪಟ್ಟಿ ಉಸಿರು ಕಟ್ಟಿಸುತ್ತಿತ್ತು. ನಿಮ್ಮ ಮಗುವಿಗೆ ಹೆಸರೇ ಹೊಂದುತ್ತಿಲ್ಲ. ಇವೆರಡೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಉಗುರುಬಣ್ಣ ಹಚ್ಚುವ ಎಷ್ಟೋ ಹುಡುಗರು ಹುಡುಗರೇ. ಬಣ್ಣ ಮುಟ್ಟದವರಲ್ಲೂ ನಿಮ್ಮ ಮಗುವಿನಂಥವರು ಇರಬಹುದು. ನೋಡಿ ಊಹಿಸಬೇಡಿ. ಹೇಳಿದ್ದನ್ನು ಕೇಳಿ. ನಿಮ್ಮ ಮಗು ಬಾಯಿ ಬಿಟ್ಟು ಹೇಳಿದೆ ಅಲ್ವಾ?

– ಎಲೆಕ್ಟ್ರಿಷಿಯನ್

* * *

ನಾನು ಮನೋವೈದ್ಯೆ. ಕಾಯಿಲೆಯೋ ಅಂತ ಕೇಳಿದ್ದೀರಿ. ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯನ್ನು 2019ರಲ್ಲಿ ಒಪ್ಪಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಈ ವಿಷಯವನ್ನು ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದ್ದಾರೆ. ಪೂರ್ತಿ ಕೈಬಿಟ್ಟಿಲ್ಲ, ಯಾಕೆಂದರೆ ಕೆಲವರಿಗೆ ಹಾರ್ಮೋನ್, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅವರಿಗೆ ಅದು ಸಿಗಬೇಕು. ಎಷ್ಟೋ ಜನರಿಗೆ ಏನೂ ಬೇಕಾಗೋದಿಲ್ಲ. ಅಮೆರಿಕದ ಮನೋವೈದ್ಯರ ಸಂಘವೂ 2013ರಲ್ಲಿ ತನ್ನ ಕೈಪಿಡಿಯನ್ನು ಬದಲಿಸಿತು. ಈಗ ಅದು ಗಮನಿಸುವುದು ಆ ವ್ಯಕ್ತಿ ಪಡುವ ಸಂಕಟವನ್ನು. ಗುರುತನ್ನು ರೋಗ ಅನ್ನುವುದಿಲ್ಲ.

ಮೊಬೈಲು ತಂದಿದ್ದೂ ಅಲ್ಲ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರು ಬರ್ಲಿನ್‌ನಲ್ಲಿ 1919ರಲ್ಲೇ ಇದೂ ಸೇರಿದಂತೆ ಲೈಂಗಿಕತೆಯ ಅಧ್ಯಯನಕ್ಕೆ ಒಂದು ಸಂಸ್ಥೆ ಕಟ್ಟಿದ್ದರು. ಇಂಥವರು ಅಲ್ಲಿಗೆ ಹುಡುಕಿಕೊಂಡು ಬರುತ್ತಿದ್ದರು. 1933ರ ಮೇ ತಿಂಗಳಲ್ಲಿ ನಾಜಿಗಳು ಅದನ್ನು ಲೂಟಿ ಮಾಡಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಜನ ಇದ್ದರು. ಅವರ ಬಗ್ಗೆ ಬರೆದಿಟ್ಟಿದ್ದು ಬೂದಿಯಾಯಿತು.

ಸಾಕಣೆಯ ತಪ್ಪೋ ಅಂದಿರಿ. ಸಾಕಿದ್ದರಿಂದ ಬರುವಂಥದ್ದಾಗಿದ್ದರೆ, ಹುಡುಗ ಹುಡುಗ ಅಂತಲೇ ಇಪ್ಪತ್ತು ವರ್ಷ ಸಾಕಿದ ನಿಮ್ಮ ಮನೆಯಲ್ಲಿ ಇದು ಬರಲೇಬಾರದಿತ್ತು ಅಲ್ವಾ?

ಹೆಸರು ಹಿಡಿದು ಕರೆಯೋದರ ಬಗ್ಗೆ 2018ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಿಕ್ಕ ಅಧ್ಯಯನ, 129 ಯುವಜನರದ್ದು. ಮನೆ, ಶಾಲೆ, ಕೆಲಸ, ಗೆಳೆಯರ ನಡುವೆ ಎಷ್ಟು ಹೆಚ್ಚು ಕಡೆ ತಾವು ಆರಿಸಿಕೊಂಡ ಹೆಸರಿನಿಂದ ಕರೆಸಿಕೊಂಡರೋ ಅಷ್ಟು ಅವರಲ್ಲಿ ಖಿನ್ನತೆ, ಸಾಯುವ ಯೋಚನೆ ಕಡಿಮೆ ಕಂಡವು. ನನ್ನ ಕೋಣೆಯಲ್ಲೂ ನಾನು ಅದನ್ನೇ ನೋಡಿದ್ದೇನೆ. ಬಾಗಿಲಲ್ಲಿ ನಿಂತು ಸರಿಯಾದ ಹೆಸರು ಕರೆದರೆ ಸಾಕು, ಹೆಗಲು ಇಳಿಯುತ್ತದೆ.

‘ಸರಿಮಾಡಿಕೊಡುತ್ತೇವೆ’ ಅನ್ನುವವರ ಹತ್ತಿರ ಕರೆದುಕೊಂಡು ಹೋಗಬೇಡಿ. ಸರಿಯಾಗೋದಿಲ್ಲ, ಗಾಯವಾಗುತ್ತದೆ. ಮಗು ಊಟ ಬಿಟ್ಟರೆ, ಯಾರ ಜೊತೆಯೂ ಮಾತಾಡದೆ ಕೂತರೆ, ಬದುಕು ಸಾಕು ಅನ್ನೋ ಮಾತು ಬಂದರೆ ತಡಮಾಡದೆ ನಮ್ಮಂಥವರ ಹತ್ತಿರ ಬನ್ನಿ. ಅದಿಲ್ಲದಿದ್ದರೆ ಆತುರ ಬೇಡ. ‘ನನಗೇ ಇನ್ನೂ ಗೊತ್ತಾಗ್ತಾ ಇದೆ’ ಅಂದಿದೆಯಲ್ಲ, ಗೊತ್ತಾಗೋಕೆ ಬಿಡಿ. ನೀವೂ ಸ್ವಲ್ಪ ನಿದ್ದೆ ಮಾಡಿ.

– ಮನೋವೈದ್ಯೆ

* * *

ಅಪ್ಪನಿಗೆ ಹೇಳುವ ಪ್ರಶ್ನೆಗೆ ತುಂಬಾ ಜನ ಉತ್ತರಿಸಿದ್ದಾರೆ. ನಮಗೆ ಒಪ್ಪಿಗೆಯಾದದ್ದು ಈ ಎರಡು. – ಸಂ.

* * *

ಹೇಳೋದು ನಿಮ್ಮ ಹಕ್ಕಲ್ಲ. ಅದು ಮಗುವಿನ ಮಾತು. ‘ಅಪ್ಪನಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ, ಈಗ ಬೇಡ್ವಾ?’ ಅಂತ ಕೇಳಿ. ಬೇಡ ಅಂದರೆ ಬಾಯಿ ಮುಚ್ಚಿಕೊಂಡಿರಿ.

– ವಕೀಲೆ

* * *

ಎರಡನೇ ಮಗ ಅಂದಿದ್ದೀರಿ. ಮೊದಲನೇ ಮಗು ಯಾರು? ಪತ್ರದಲ್ಲಿ ಎಲ್ಲೂ ಇಲ್ಲ. ನಾನೂ ಅಂಥ ಮೊದಲನೆಯವಳು. ನನ್ನ ತಮ್ಮ ಈಗ ನನ್ನ ತಂಗಿ. ಮನೆಯಲ್ಲಿ ಎಲ್ಲರಿಗಿಂತ ಆರು ವರ್ಷ ಮುಂಚೆ ನನಗೆ ಗೊತ್ತಿತ್ತು. ಅವಳು ನನ್ನ ಬಳೆ ಹಾಕಿಕೊಂಡು ಕೂತಾಗ ನಾನು ಬಾಗಿಲ ಹತ್ತಿರ ಕಾವಲು ಕೂರುತ್ತಿದ್ದೆ. ಅಪ್ಪ ಬಂದರೆ ಕೆಮ್ಮುತ್ತಿದ್ದೆ. ಆ ಆರು ವರ್ಷ ನನಗೂ ಹೇಳಿಕೊಳ್ಳೋಕೆ ಯಾರೂ ಇರಲಿಲ್ಲ. ನಿಮ್ಮ ದೊಡ್ಡ ಮಗುವನ್ನೂ ಒಂದು ಮಾತು ಕೇಳಿ. ಬಹುಶಃ ಅಲ್ಲೇ ನಿಮಗೆ ಜೊತೆ ಸಿಗುತ್ತದೆ.

– ಒಬ್ಬ ಅಕ್ಕ

* * *

ತಾಯಿ ಕೇಳಿದ ಮೊದಲ ಪ್ರಶ್ನೆ ನಾಲಿಗೆಯದ್ದು. ಅದಕ್ಕೆ ನೇರವಾಗಿ ಉತ್ತರ ಕೊಟ್ಟವರು ಕಡಿಮೆ. – ಸಂ.

* * *

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ನಿಮ್ಮ ಮಗು ಕೇಳಿದ್ದನ್ನು ಓದಿ ಕುರ್ಚಿಯಲ್ಲೇ ಎದ್ದು ಕೂತೆ. ಎಷ್ಟು ಸೂಕ್ಷ್ಮವಾಗಿ ಗಮನಿಸಿದೆ!

‘ನಾನು ಬಂದೆ.’ ಹೆಣ್ಣು ಹೇಳಿದರೂ ಗಂಡು ಹೇಳಿದರೂ ಅದೇ. ‘ನೀನು ಬಂದೆ.’ ಅದೂ ಅಷ್ಟೇ. ಹಿಂದಿಯಲ್ಲಿ ‘ನಾನು ಬರುತ್ತೇನೆ’ ಅನ್ನಬೇಕಾದರೂ ಗಂಡೋ ಹೆಣ್ಣೋ ಹೇಳಿಬಿಡಬೇಕು. ಕನ್ನಡದಲ್ಲಿ ಬಂದ, ಬಂದಳು ಅನ್ನೋ ಭೇದ ಬರುವುದು ಎದುರಿಗಿಲ್ಲದವರ ಬಗ್ಗೆ, ಮೂರನೆಯವರ ಬಗ್ಗೆ ಮಾತಾಡುವಾಗ. ಎದುರು ಬದುರು ಕೂತು ಮಾತಾಡುವಾಗ ನಮ್ಮ ಕ್ರಿಯಾಪದ ಯಾರನ್ನೂ ನೀನು ಯಾರು ಅಂತ ಕೇಳುವುದಿಲ್ಲ. ಮಲಯಾಳದವರಿಗೆ ಮೂರನೆಯವರ ಕ್ರಿಯಾಪದದಲ್ಲೂ ಆ ಭೇದ ಇಲ್ಲ. ಫಿನ್ನಿಷ್ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ‘ಹ್ಯಾನ್’ ಅಂತ ಒಂದೇ ಪದ. ಸ್ವೀಡನ್‌ನವರು ‘ಹೆನ್’ ಅನ್ನೋ ಹೊಸ ಪದ ಬಳಸೋಕೆ ಶುರುಮಾಡಿದರು, 2015ರಲ್ಲಿ ಅದು ಅಲ್ಲಿನ ಅಕಾಡೆಮಿಯ ನಿಘಂಟಿಗೂ ಸೇರಿತು. ನಾಲಿಗೆ ಕಲಿಯುತ್ತದೆ.

ನಮ್ಮಲ್ಲಿ ಎದುರು ಮಾತಿನಲ್ಲಿ ಗಂಡು ಹೆಣ್ಣು ನುಸುಳುವುದು ಈ ‘ಓ’, ‘ಏ’ಗಳಲ್ಲಿ. ಬಾರೋ, ಬಾರೇ. ಕಣೋ, ಕಣೇ. ಇವು ಬರೋದು ಎಲ್ಲಿ? ಹತ್ತಿರದವರ ನಡುವೆ. ಪರಿಚಯ ಇಲ್ಲದವರನ್ನು ಯಾರೂ ಬಾರೋ ಅನ್ನೋದಿಲ್ಲ. ಆ ಒಂದು ಅಕ್ಷರದಲ್ಲಿ ಗಂಡೂ ಇದೆ, ಸಲುಗೆಯೂ ಇದೆ. ಗಂಡನ್ನು ತೆಗೆದರೆ ಸಲುಗೆಯೂ ಹೋಗಿಬಿಡುತ್ತದೇನೋ ಅಂತ ನಿಮಗೆ ಹೆದರಿಕೆ. ನನಗೆ ಹಾಗೆ ಅನ್ನಿಸಿತು. ತಪ್ಪಿದ್ದರೆ ಕ್ಷಮಿಸಿ.

ಸಲುಗೆಗೆ ಬೇರೆ ಪದಗಳಿವೆ. ಕಂದ, ಮರಿ, ಚಿನ್ನ, ಬಂಗಾರ, ಕೂಸೇ. ಯಾವುದರಲ್ಲೂ ಗಂಡಿಲ್ಲ, ಹೆಣ್ಣಿಲ್ಲ. ‘ಏಳು ಮರಿ, ಗಂಟೆ ಎಂಟಾಯ್ತು.’ ಹೇಳಿ ನೋಡಿ. ಬೇರೆಯವರ ಹತ್ತಿರ ಮಾತಾಡುವಾಗ? ‘ಮಗು ಬಂತು, ಮಗು ಮಲಗಿತು’ ಅನ್ನುತ್ತಿದ್ದವರು ಯಾವ ದಿನದಿಂದ ‘ಮಲಗಿದ’ ಅಂದಿರಿ, ನೆನಪಿದೆಯಾ? ಯಾವ ವ್ಯಾಕರಣದಲ್ಲೂ ಆ ದಿನ ಬರೆದಿಲ್ಲ. ಆದರೆ ಒಂದು ಎಚ್ಚರ. ಬೆಳೆದವರನ್ನು ‘ಅದು ಬಂತು’ ಅಂದರೆ ವಸ್ತುವನ್ನು ಅಂದ ಹಾಗೆ ಕೇಳುತ್ತದೆ. ಇಂಥವರನ್ನು ಹೀಯಾಳಿಸೋಕೆ ಜನ ಅದನ್ನೇ ಬಳಸಿದ್ದಾರೆ. ‘ಅವರು ಬಂದರು’ ಅಂದರೆ ಮನೆಯ ಮಗುವಿಗೆ ದೂರ ಅನ್ನಿಸಬಹುದು. ಹೆಸರನ್ನೇ ಹೇಳಬಹುದು. ಯಾವುದು ಹಿತ ಅಂತ ಮಗುವನ್ನೇ ಕೇಳಿ, ಇಬ್ಬರೂ ಸೇರಿ ಹುಡುಕಿ.

– ನಿವೃತ್ತ ಕನ್ನಡ ಶಿಕ್ಷಕಿ

* * *

ಆಂಟಿ, ನನಗೆ ಇಪ್ಪತ್ತೆರಡು. ನಾನೂ ನಿಮ್ಮ ಮಗು ಥರಾನೇ. ಅಮ್ಮ ಈಗಲೂ ತಪ್ಪುತ್ತಾಳೆ. ತಪ್ಪಿದ ತಕ್ಷಣ ನಾಲಿಗೆ ಕಚ್ಚಿಕೊಂಡು, ಸರಿಯಾಗಿ ಕರೆದು, ಮುಂದಿನ ಮಾತಿಗೆ ಹೋಗುತ್ತಾಳೆ. ನನಗೆ ಅದು ಸಾಕು. ಮೊದಮೊದಲು ತಪ್ಪಿದಾಗೆಲ್ಲ ಅಳುತ್ತಿದ್ದಳು, ಕ್ಷಮಿಸು ಕ್ಷಮಿಸು ಅನ್ನುತ್ತಿದ್ದಳು. ಆಗ ನಾನೇ ಅವಳನ್ನು ಸಮಾಧಾನ ಮಾಡಬೇಕಿತ್ತು. ಅದು ತುಂಬಾ ಸುಸ್ತು. ಅಳಬೇಡಿ ಆಂಟಿ, ಸುಮ್ನೆ ತಿದ್ದಿಕೊಳ್ಳಿ. ಮತ್ತೆ, ಅಪ್ಪ ಮಲಗೋ ತನಕ ಕಾದು, ಪಾತ್ರೆ ಒರೆಸೋ ನೆಪದಲ್ಲಿ ಹೇಳೋದಿದೆಯಲ್ಲ, ಅದಕ್ಕೆ ಎಷ್ಟು ದಿನ ಅಭ್ಯಾಸ ಮಾಡಿರುತ್ತಾರೆ ಅಂತ ನನಗೆ ಗೊತ್ತು. ನಾನು ಬಟ್ಟೆ ಮಡಚುತ್ತಾ ಹೇಳಿದ್ದೆ.

– ವಿದ್ಯಾರ್ಥಿ

* * *

ಈ ಪತ್ರಗಳನ್ನೆಲ್ಲ ಅಚ್ಚಿಗೆ ಮುಂಚೆ ಆ ತಾಯಿಗೆ ಕಳಿಸಿದ್ದೆವು. ಅವರಿಂದ ಬಂದ ಉತ್ತರ ಇದು. – ಸಂ.

* * *

ಎಲ್ಲ ಪತ್ರ ಓದಿದೆ. ಆ ಅಣ್ಣನ ಪತ್ರವನ್ನು ನಮ್ಮ ಯಜಮಾನರ ಮೇಜಿನ ಮೇಲೆ ಇಟ್ಟಿದ್ದೇನೆ. ಮಗುವನ್ನು ಕೇಳಿಯೇ ಇಟ್ಟೆ. ಓದಿದ್ದಾರೆ, ಕನ್ನಡಕ ಅದರ ಮೇಲಿತ್ತು. ಇನ್ನೂ ಏನೂ ಹೇಳಿಲ್ಲ.

ಬರೀ ‘ಬಾ’ ಅಂದರೆ ಬೈದ ಹಾಗೆ ಕೇಳುತ್ತದಂತೆ. ‘ಕಂದ’ ಬೇಡವಂತೆ. ‘ಮರಿ’ ಆಗಬಹುದಂತೆ, ಸ್ನೇಹಿತರ ಮುಂದೆ ಮಾತ್ರ ಬೇಡ. ನಿನ್ನೆ ಎರಡು ಸಲ ಬಾರೋ ಅಂದುಬಿಟ್ಟೆ. ಒಂದು ಸಲ ನಾನೇ ತಿದ್ದಿಕೊಂಡೆ. ಇನ್ನೊಂದು ಗೊತ್ತೇ ಆಗಿರಲಿಲ್ಲ, ದೊಡ್ಡವಳು ಹೇಳಿದಳು. ಅವಳಿಗೆ ಮೂರು ವರ್ಷದಿಂದ ಗೊತ್ತಿತ್ತಂತೆ.

ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಬಲಗೈಗೆ ತಾನೇ ಹಚ್ಚಿಕೊಳ್ಳೋದು ಕಷ್ಟ ಅಂತ ರಾತ್ರಿ ನಾನು ಹಚ್ಚಿಕೊಟ್ಟೆ. ನನಗೆ ಅಭ್ಯಾಸ ಇಲ್ಲ. ಹೆಬ್ಬೆರಳಿನದು ಚರ್ಮಕ್ಕೆಲ್ಲ ತಾಗಿತು. ‘ಇರಲಿ ಬಿಡಮ್ಮ’ ಅಂದು ಕೈ ಹಾಗೇ ನನ್ನ ಮಂಡಿ ಮೇಲಿಟ್ಟುಕೊಂಡು ಒಣಗೋ ತನಕ ಕೂತಿತ್ತು.